ಕೊಳುಂಬಿನ ಅಣ್ಣ

ಸೋಫಾ ಎಷ್ಟು ಮೆತ್ತಗಿತ್ತೆಂದರೆ, ಸರಿಯಾಗಿ ಕೂತರೆ ಎಲ್ಲಿ ಹೂತುಹೋಗುತ್ತೇನೋ ಎಂದು ಸೆಲ್ಲಮ್ಮ ಅಂಚಿಗೇ ಆತುಕೊಂಡು ಕೂತಿದ್ದಳು. ಪಕ್ಕದಲ್ಲಿ ಮಗಳು ರಾಜಾಮಣಿ ತಲೆ ಬಗ್ಗಿಸಿ ನೆಲದ ಜಮಖಾನದ ಹೂಗಳನ್ನು ನೋಡುತ್ತಿದ್ದಳು. ಎದುರಿಗೆ ಗಂಡಿನ ತಾಯಿ ಕಮಲಾತಾಳ್ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿ ಮುಗಿಸಿ, ಮತ್ತೆ ಅಡಿಯಿಂದ ಶುರುಮಾಡಿದ್ದರು.

ಕೊಯಮತ್ತೂರಿನ ಆ ಬಿಳಿ ಹೋಟೆಲ್ಲು ನೀಲಗಿರಿಯಿಂದ ಇಳಿದು ಬರುವ ದೊರೆಗಳು ತಂಗಲೆಂದು ಕಟ್ಟಿದ್ದು. ಗಂಡಿನ ತಂದೆ ಗೋಪಾಲಸಾಮಿ ಗಿರಣಿಯ ನೂಲಿನ ಏಜೆಂಟರು. ಮನೆಗೆ ಸುಣ್ಣ ಹೊಡೆಸುತ್ತಿದ್ದೇವೆ ಎಂದು ನೆವ ಹೇಳಿ, ಧಾರಾಪುರದಿಂದ ಹೆಣ್ಣು ತೋರಿಸಲು ಬಂದವರನ್ನು ಅಲ್ಲೇ ಇಳಿಸಿದ್ದರು. ಊಟ ಮಾತ್ರ ಐಯರ ಮೆಸ್ಸಿನಿಂದ ಬರುತ್ತಿತ್ತು. ಸೆಲ್ಲಮ್ಮನ ಗಂಡ ರಂಗಸಾಮಿ ನಾಲ್ಕು ಮಗ್ಗ ಇಟ್ಟುಕೊಂಡವನು. ಸ್ಪ್ರಿಂಗಿನ ಮಂಚ ಕಂಡದ್ದು ಅದೇ ಮೊದಲು. ರಾತ್ರಿ ಮೂವರೂ ನೆಲದ ಮೇಲೆ ಮಲಗಿದ್ದರು. ಬೆಳಗ್ಗೆ ಗುಡಿಸುವವನು ಬರುವ ಮೊದಲು ಸೆಲ್ಲಮ್ಮ ಎದ್ದು, ಮಂಚದ ಹಾಸಿಗೆಗಳನ್ನು ಕೈಯಿಂದ ಕೆದರಿ, ದಿಂಬುಗಳನ್ನು ಒತ್ತಿ, ಯಾರೋ ಮಲಗೆದ್ದ ಹಾಗೆ ಮಾಡಿಟ್ಟಿದ್ದಳು.

ಬಾಗಿಲ ಪರದೆ ಸರಿಯಿತು. ಬಿಳಿ ಕೋಟು, ಕೆಂಪು ಪಟ್ಟಿಯ ಪೇಟ, ಕೈಯಲ್ಲಿ ಟೀ ತಟ್ಟೆ; ಹೋಟೆಲ್ಲಿನ ಬಟ್ಲರು ಬಂದು ಬಗ್ಗಿ ಕಪ್ಪುಗಳಿಗೆ ಟೀ ಬಗ್ಗಿಸತೊಡಗಿದ. ಎಡಗೈಯಿಂದ ಬಗ್ಗಿಸುತ್ತಿದ್ದ. ಸೆಲ್ಲಮ್ಮನ ಕಣ್ಣು ಆ ಕೈಯಿಂದ ಮೊಣಕೈಗೆ, ಅಲ್ಲಿಂದ ಮುಖಕ್ಕೆ ಹೋಯಿತು. ಅವನೂ ನೋಡಿದ.

ಅಣ್ಣ ಮಾರಿಮುತ್ತು.

ಎಡಗೈಯಲ್ಲಿ ಮಗ್ಗದ ಲಾಳಿ ಎಸೆಯುತ್ತಾನೆಂದು ಅಪ್ಪ ಅವನ ಬೆರಳಿಗೆ ಕೋಲಿನಿಂದ ಹೊಡೆಯುತ್ತಿದ್ದ. ಅವ್ವ ತೀರಿಕೊಂಡ ಮೇಲೆ ಸೆಲ್ಲಮ್ಮನ ತಲೆ ಬಾಚಿ ಜಡೆ ಹಾಕುತ್ತಿದ್ದವನು ಅವನೇ. ಆಮೇಲೆ ಪೋತ್ತನೂರಿನಲ್ಲಿ ರೈಲ್ವೆ ದೊರೆಯೊಬ್ಬನ ಅಡುಗೆಮನೆಗೆ ಸೇರಿದ. "ಮಾಂಸದ ಎಂಜಲು ತಟ್ಟೆ ತೊಳೆದವನು ನನ್ನ ಹೊಸಿಲು ತುಳಿಯಕೂಡದು," ಎಂದ ಅಪ್ಪ. ಸೆಲ್ಲಮ್ಮನ ಮದುವೆ ಹೊತ್ತಿಗೆ ಬೀಗರು ಕೇಳಿದಾಗ ಮನೆಯವರೆಲ್ಲ ಒಂದೇ ಮಾತು ಹೇಳಿದರು: ಹುಡುಗ ಕಡಲಾಚೆ ಕೊಳುಂಬಿಗೆ ಹೋಗಿದ್ದಾನೆ. ಹೇಳಿ ಹೇಳಿ ಅದು ನಿಜದಂತೆಯೇ ಆಗಿಹೋಗಿತ್ತು.

"ಹುಡುಗಿ ಲಚ್ಚಣವಾಗಿದ್ದಾಳೆ," ಎಂದರು ಕಮಲಾತಾಳ್. "ಆದ್ರೆ ನಮ್ಮಲ್ಲಿ ಸಾಸ್ತ್ರ ಬಿಡೂದಿಲ್ಲಮ್ಮಾ. ತಾಯ್ಮಾಮ ಮೊದಲ ಮಾಲೆ ಹಾಕಿ, ಕೈ ಹಿಡಿದು ಕರಕೊಂಡು ಬಂದ್ರೇನೇ ಹುಡುಗಿ ಮದುವೆ ಪಂದಲಿಗೆ ಬರೂದು. ನಿಮಗೆ ಅಣ್ಣತಮ್ಮಂದಿರು ಯಾರಿದ್ದಾರೆ?"

ರಂಗಸಾಮಿಗೆ ಹುರುಪು ಬಂತು. "ಒಬ್ಬ ಅಣ್ಣ ಇದಾರುಂಗ. ಕೊಳುಂಬಿನಲ್ಲಿ ಯಾಪಾರ. ನಾನೇ ಇನ್ನೂ ಮುಖ ನೋಡಿಲ್ಲ."

"ಕೊಳುಂಬಾ?" ಗೋಪಾಲಸಾಮಿ ಮುಂದೆ ಬಾಗಿದರು. "ಅಲ್ಲಿ ನಮ್ಮ ಕಡೆಯೋರು ಎಷ್ಟೋ ಜನ ಇದಾರೆ. ಯಾವ ಬೀದಿ, ಹೆಸರೇನು ಹೇಳಿ. ನಾನೇ ತಂತಿ ಕೊಟ್ಟು ಕರಸ್ತೀನಿ. ತೈ ಮಾಸದ ಮದುವೆಗೆ ಹಡಗು ಹತ್ತಿ ಬಂದುಬಿಡಲಿ."

ಎಲ್ಲರೂ ಸೆಲ್ಲಮ್ಮನ ಕಡೆ ನೋಡಿದರು. ಮಾರಿಮುತ್ತು ಅವಳ ಕಪ್ಪಿಗೇ ಟೀ ಬಗ್ಗಿಸುತ್ತಿದ್ದ. ಅವನ ಉಸಿರು ಅವಳಿಗೆ ಕೇಳುತ್ತಿತ್ತು.

"ಇಲ್ಲುಂಗ," ಎಂದಳು ಸೆಲ್ಲಮ್ಮ. "ಅವರು ಈಗ ಇಲ್ಲ. ಕಾಲರಾ ಬಂದು... ಹೋಗಿಬಿಟ್ಟರು."

ಟೀ ಕಪ್ಪಿನ ಅಂಚಿನವರೆಗೆ ಬಂದು ನಿಂತಿತು. ಒಂದು ತೊಟ್ಟೂ ಚೆಲ್ಲಲಿಲ್ಲ.

"ಯಾವಾಗ?" ಎಂದ ರಂಗಸಾಮಿ, ಕಕ್ಕಾಬಿಕ್ಕಿಯಾಗಿ. "ನನಗೆ ಒಂದು ಮಾತು ಹೇಳಲಿಲ್ಲವಲ್ಲ!"

ಸೆಲ್ಲಮ್ಮನಿಗೆ ಅಳು ಒತ್ತರಿಸಿಕೊಂಡು ಬಂತು. ಸೆರಗು ಬಾಯಿಗೆ ತುರುಕಿಕೊಂಡರೂ ನಿಲ್ಲಲಿಲ್ಲ. ಕಮಲಾತಾಳ್ ಎದ್ದು ಬಂದು ಅವಳ ಬೆನ್ನು ಸವರಿದರು. "ಅಳಬೇಡಮ್ಮಾ. ಒಡಹುಟ್ಟಿದವರ ದುಃಖ ಅಂದ್ರೆ ಸುಮ್ಮನೆಯಾ? ದಾಯಾದಿಗಳಲ್ಲಿ ಯಾರಾದರೂ ನಿಂತು ಮಾಲೆ ಹಾಕಲಿ, ನಮ್ಮದೇನೂ ತಕರಾರಿಲ್ಲ."

"ಡೇ ಬಾಯ್!" ಗೋಪಾಲಸಾಮಿ ಚಿಟಿಕೆ ಹೊಡೆದರು. "ನಿಂತು ಏನು ನೋಡ್ತೀಯಾ? ಅಮ್ಮನಿಗೆ ತಣ್ಣಿ ಕೊಂಡುವಾ."

ಮಾರಿಮುತ್ತು ನೀರು ತಂದ. ಸೆಲ್ಲಮ್ಮ ಲೋಟ ತೆಗೆದುಕೊಂಡಳು, ಕುಡಿದಳು, ಹಿಂದಕ್ಕೆ ಕೊಟ್ಟಳು. ತಲೆ ಎತ್ತಲಿಲ್ಲ.

ಊಟದ ಹೊತ್ತಿಗೆ ವೀಳ್ಯದೆಲೆ ಬದಲಾಯಿಸಿ ಮಾತು ಗಟ್ಟಿಯಾಯಿತು. ಗಂಡಸರು ಜಗಲಿಯಲ್ಲಿ ಎಲೆಯಡಿಕೆ ಹಾಕುತ್ತಾ ಕೂತಾಗ ಸೆಲ್ಲಮ್ಮ ಹಿಂದಿನ ಮೆಟ್ಟಿಲಿಳಿದು ಹೋದಳು. ಅಡುಗೆಮನೆಯ ಹಿತ್ತಿಲಲ್ಲಿ ಮಾರಿಮುತ್ತು ಕುಕ್ಕರಗಾಲಲ್ಲಿ ಕೂತು ತಟ್ಟೆಗಳನ್ನು ಬೂದಿ ಹಾಕಿ ಉಜ್ಜುತ್ತಿದ್ದ. ಪೇಟ ಪಕ್ಕದ ಕಲ್ಲಿನ ಮೇಲಿತ್ತು. ತಲೆ ಪೂರ್ತಿ ಬೋಳಾಗಿತ್ತು.

"ಇಲ್ಲಿಗ್ಯಾಕೆ ಬಂದೆ, ನನ್ನ ಕಣ್ಣು? ಯಾರಾದ್ರೂ ನೋಡ್ತಾರೆ."

"ಅಣ್ಣಾ, ನನ್ನ ಬಾಯಿಗೆ ಹುಳ ಬೀಳಲಿ."

"ಸುಮ್ಮನಿರು. ಹುಡುಗಿ ನಮ್ಮ ಅವ್ವನ ತರಾನೇ ಇದ್ದಾಳೆ. ಮೂಗು, ಹಣೆ ಎಲ್ಲಾ." ಅವನು ನಕ್ಕ. "ಒಳ್ಳೇ ಮನೆ. ಆ ಅಯ್ಯ ಬೈತಾರೆ, ಆದ್ರೆ ಕೆಟ್ಟೋರಲ್ಲ."

"ಮದುವೆಗೆ ಬಾ ಅಣ್ಣಾ. ದೂರ ನಿಂತಾದರೂ ನೋಡಿ ಹೋಗು."

ಅವನು ತಟ್ಟೆಯನ್ನು ನೀರಿನಲ್ಲಿ ಅದ್ದಿ ತೆಗೆದ. "ಕಾಲರಾದಲ್ಲಿ ಹೋದವ ಹೆಂಗ ಬರೂದು, ಸೆಲ್ಲಾ?" ಎಂದ. ಅದರಲ್ಲಿ ಚುಚ್ಚುಮಾತಿನ ಮೊನೆಯಿರಲಿಲ್ಲ. ಬರಲು ದಾರಿಯುಂಟೇ ಎಂದು ನಿಜಕ್ಕೂ ಯೋಚಿಸುವವನ ಹಾಗೆ ಕೇಳಿದ. ಅವಳು ಅವನ ಪಾದ ಮುಟ್ಟಲು ಬಗ್ಗಿದಳು. ಅವನು ಚಟ್ಟನೆ ಕಾಲು ಎಳೆದುಕೊಂಡ. "ಬೇಡ ಬೇಡ. ಇಲ್ಲೆಲ್ಲ ಎಂಜಲು ಬಿದ್ದಿದೆ."

ಒಳಗೆ ಗಂಟೆ ಹೊಡೆಯಿತು. ಅವನು ಕೈ ಒರೆಸಿಕೊಂಡು ಪೇಟ ಇಟ್ಟುಕೊಂಡು ಓಡಿದ.

ತಿರುಗಿದರೆ ಮೆಟ್ಟಿಲ ಮೇಲೆ ರಾಜಾಮಣಿ ನಿಂತಿದ್ದಳು.

"ಅವರು ಯಾರಮ್ಮಾ?"

"ಯಾರೂ ಇಲ್ಲ. ಬಿಸಿನೀರು ಕೇಳೋಕೆ ಬಂದೆ."

"ಅಣ್ಣಾ ಅಂದೆಯಲ್ಲ?"

"ದೊಡ್ಡೋರನ್ನ ಇನ್ನೇನಂತ ಕರೆಯೂದು? ನಡಿ, ಅಪ್ಪ ಕಾಯ್ತಾರೆ."

ರಾಜಾಮಣಿ ನಡೆಯಲಿಲ್ಲ. ತಾಯಿಯ ಒದ್ದೆ ಕಣ್ಣುಗಳನ್ನೂ ಹಿತ್ತಿಲ ತಟ್ಟೆಗಳ ರಾಶಿಯನ್ನೂ ಸಾವಕಾಶವಾಗಿ ನೋಡಿದಳು. ಆಮೇಲೆ ಬಂದಳು.

ಹೊರಡುವಾಗ ಗೋಪಾಲಸಾಮಿಯವರ ಮೋಟಾರು ಬಾಗಿಲಿಗೆ ಬಂದು ನಿಂತಿತ್ತು. ಇನಾಮಿಗಾಗಿ ಕೆಲಸದವರು ಸಾಲಾಗಿ ನಿಂತಿದ್ದರು. ರಂಗಸಾಮಿ ಹೊಸ ಬೀಗತನದ ಗತ್ತಿನಲ್ಲಿ ಒಬ್ಬೊಬ್ಬರ ಕೈಗೂ ಕಾಸು ಹಾಕುತ್ತಾ ಬಂದ. ಮಾರಿಮುತ್ತುವೂ ಕೈ ಚಾಚಿದ, ತೆಗೆದುಕೊಂಡ, ಉಳಿದವರಂತೆ ಸಲಾಂ ಹೊಡೆದ. ಸೆಲ್ಲಮ್ಮ ಬೇಗ ಬೇಗ ಮೋಟಾರು ಹತ್ತಿದಳು.

ಹಿಂದೆ ಬರುತ್ತಿದ್ದ ರಾಜಾಮಣಿ ಅವನ ಮುಂದೆ ನಿಂತಳು. ಬೆಳಗ್ಗೆಯಿಂದ ಬೀಗರೆದುರು ತಲೆ ಎತ್ತದವಳು ನೇರ ಅವನ ಮುಖ ನೋಡಿ, ಆಳುಗಳ ಜೊತೆಯ ತಮಿಳು ಬಿಟ್ಟು ಮನೆಮಾತು ಕನ್ನಡದಲ್ಲೇ ಹೇಳಿದಳು: "ಹೋಗಿ ಬರ್ತೀನಿ, ಮಾಮಾ."

ಸಲಾಮಿಗೆ ಎತ್ತಿದ ಕೈ ಹಣೆಯ ಹತ್ತಿರವೇ ನಿಂತಿತು.

"ಕೂಸು, ನೋಡಿ," ಎಂದು ರಂಗಸಾಮಿ ಬೀಗರ ಕಡೆ ತಿರುಗಿ ನಕ್ಕ. "ಕಂಡಕಂಡವರನ್ನೆಲ್ಲ ಮಾಮಾ ಅಂತಾಳೆ." ಗೋಪಾಲಸಾಮಿ, ಕಮಲಾತಾಳ್ ಕೂಡ ನಕ್ಕರು.

ಮೋಟಾರು ಹೊರಟಿತು. ಊರ ಹೊರಗೆ ಹತ್ತಿ ಹೇರಿದ ಗಾಡಿಗಳ ಸಾಲು ದಾರಿಗೆ ಅಡ್ಡ ಸಿಕ್ಕಿತು. ಡ್ರೈವರು ಹಾರನ್ ಒತ್ತುತ್ತಾ ಮೆಲ್ಲಗೆ ಹಿಂಬಾಲಿಸಿದ. ಮೂಟೆಗಳಿಂದ ಬಿಡಿಬಿಡಿಯಾಗಿ ಹಾರಿದ ಹತ್ತಿ ಕಿಟಕಿಯಿಂದ ಒಳಗೆ ಬಂದು ಸೆಲ್ಲಮ್ಮನ ಮಡಿಲಲ್ಲಿ, ಸೆರಗಿನಲ್ಲಿ ಕೂತಿತು. ಮಗಳು ತನ್ನನ್ನೇ ನೋಡುತ್ತಿದ್ದಾಳೆಂದು ಅವಳ ಕೆನ್ನೆಗೆ ಗೊತ್ತಾಗುತ್ತಿತ್ತು. ಅವಳು ತಿರುಗಲಿಲ್ಲ. ಹತ್ತಿಯನ್ನು ಎಳೆ ಎಳೆಯಾಗಿ ಆರಿಸಿ ತೆಗೆಯುತ್ತಾ ಕೂತಳು. ತೆಗೆದಷ್ಟೂ ಬಂದು ಬೀಳುತ್ತಿತ್ತು.