ಕಿಡಿಯೋ, ಹೂಳೋ

ಜಿಪ್ಪು ಹಾಕುವುದು, ಪ್ಯಾಂಟಿನ ಕಾಲು ಮಡಿಚಿ ಹೊಲಿಯುವುದು, ಹರಿದ ಅಸ್ತರು ಬದಲಿಸುವುದು, ನನ್ನ ಅಂಗಡಿಯ ಕೆಲಸ ಇಷ್ಟೇ. ಅಲ್ಲಿಗೆ ಕಪ್ಪು ಜಾಕೆಟ್ಟಿನವರು ಬರಲು ಶುರುವಾದದ್ದು ಗಡ್ಡನಿಂದ. ಗಡ್ಡ ಅಂದರೆ ತಗಡಿನ ಕಾರ್ಖಾನೆಯಲ್ಲಿ ಪ್ರೆಸ್ಸು ನಡೆಸುವವನು. ಎದೆಯವರೆಗೆ ಗಡ್ಡ, ಮಾತು ಮಾತ್ರ ಮೆತ್ತಗೆ. ಮೊದಲ ಸಲ ಬಂದಾಗ ಅಂಗೈಯಗಲದ ಒಂದು ಬಟ್ಟೆ ತಂದು, ಇದನ್ನು ಜಾಕೆಟ್ಟಿನ ಬೆನ್ನಿಗೆ ಹೊಲಿದುಕೊಡಿ ಅಂದ. ಅದರ ಮೇಲೆ ಮುಳ್ಳುಬೇಲಿಯ ಹಾಗೆ ಏನೋ ಹೆಣೆದುಕೊಂಡಿತ್ತು.

"ಇದು ಯಾವ ಗಿಡಪ್ಪ?" ಅಂದೆ.

"ಗಿಡ ಅಲ್ಲ ಅಜ್ಜಿ, ಅಕ್ಷರ. ಬ್ಯಾಂಡಿನ ಹೆಸರು."

ಕೂದಲು ನರೆತ ಮೇಲೆ ರಾತ್ರಿ ಶಾಲೆಗೆ ಹೋಗಿ ಒಂದೊಂದು ಅಕ್ಷರಕ್ಕೂ ಬೆವರು ಸುರಿಸಿದವಳು ನಾನು. ಯಾರಿಗೂ ಓದಲಾಗದ ಹಾಗೆ ಬರೆಯುವುದೂ ಒಂದು ವಿದ್ಯೆ ಅಂತ ಅವತ್ತು ಗೊತ್ತಾಯಿತು. "ತಲೆಕೆಳಗಾಗಿ ಹೊಲಿದುಬಿಟ್ಟರೆ?" ಅಂದೆ. "ನಮ್ಮವರಲ್ಲೇ ಅರ್ಧ ಜನಕ್ಕೆ ಗೊತ್ತಾಗಲ್ಲ ಬಿಡಿ," ಅಂದ.

ಆಮೇಲೆ ಅವನ ಹಿಂದೆ ಉಳಿದವರೂ ಬಂದರು. ಅವನ ಹೆಂಡತಿಯ ತಮ್ಮ, ಬಸ್ಸು ರಿಪೇರಿ ಮಾಡುವವನು. ಕೂತಲ್ಲಿ ನಿಂತಲ್ಲಿ ಎರಡೂ ಕಾಲು ಡ್ರಮ್ಮು ಬಾರಿಸುತ್ತಲೇ ಇರುತ್ತವೆ ಅಂತ ಅವನಿಗೆ ಡಬಲ್ ಅಂತಲೇ ಹೆಸರು. ಒಬ್ಬಳು ನರ್ಸು. ಒಬ್ಬರು ಲೆಕ್ಕದ ಮೇಷ್ಟ್ರು. ಭಾನುವಾರ ಮಧ್ಯಾಹ್ನ ನಾನು ಅರ್ಧ ಬಾಗಿಲು ಎಳೆದುಕೊಂಡು ವಾರದ ಬಾಕಿ ಕೆಲಸ ಮುಗಿಸುವಾಗ, ಬಟ್ಟೆ ಕತ್ತರಿಸುವ ಮೇಜಿನ ಸುತ್ತ ಈ ನಾಲ್ವರು ಕೂತು ಹರಟುವುದು ರೂಢಿಯಾಯಿತು. ಸಣ್ಣ ಸ್ಪೀಕರಿನಲ್ಲಿ ಹಾಡು ಹಾಕುತ್ತಿದ್ದರು. ಮೊದಮೊದಲು ಅದು ನನಗೆ ತಗಡು ಎಳೆದಾಡಿದ ಹಾಗೆ ಕೇಳುತ್ತಿತ್ತು. ಕೇಳಿ ಕೇಳಿ ಯಾವ ತಗಡು ಯಾವುದು ಅಂತ ಗುರುತು ಹತ್ತಿತು.

ಅವುಗಳಲ್ಲಿ ನನಗೆ ಚೆನ್ನಾಗಿ ಗುರುತಿದ್ದದ್ದು "ಕಿಡಿ" ಅನ್ನುವ ಹಾಡು. ಓಟದ ಹಾಡು, ಕೊನೆಯಲ್ಲಿ ಗಿಟಾರೊಂದೇ ಮೇಲೆ ಮೇಲೆ ಹತ್ತಿ ಹೋಗುತ್ತದೆ, ಇನ್ನೇನು ತಂತಿ ಹರಿಯಿತು ಅನ್ನುವವರೆಗೆ. ಅದಕ್ಕೆ ಇವರು ಸೋಲೋ ಅನ್ನುತ್ತಾರೆ. ಉಳಿದ ಮೂವರಿಗೂ ಆ ಹಾಡಿನ ಹುಚ್ಚು ಹಿಡಿಸಿದವನೇ ಗಡ್ಡ. ಡಬಲ್ ಇನ್ನೂ ಶಾಲೆಗೆ ಹೋಗುವ ಹುಡುಗನಾಗಿದ್ದಾಗ, ಅಕ್ಕನ ಮದುವೆಯಾದ ಹೊಸತರಲ್ಲಿ, ಭಾವ ಅವನನ್ನು ಕೂರಿಸಿಕೊಂಡು ಇದನ್ನು ಕೇಳಿಸಿದ್ದನಂತೆ. "ನನ್ನನ್ನು ಕೆಡಿಸಿದ್ದೇ ಇವನು," ಅಂತ ಡಬಲ್ ಹೆಮ್ಮೆಯಿಂದ ಹೇಳುತ್ತಿದ್ದ.

ಆ ಹಾಡು ಕಟ್ಟಿದ ಬ್ಯಾಂಡು ಈ ಸಲ ನಮ್ಮ ಊರಿಗೂ ಬರುವುದಿತ್ತು. ಊರೂರು ಸುತ್ತುವಾಗ ಅವರದೊಂದು ಪದ್ಧತಿ. ಯಾವ ಹಾಡು, ಯಾವುದರ ಹಿಂದೆ ಯಾವುದು, ಎಲ್ಲ ಮೊದಲೇ ಗೊತ್ತು. ನಡುವೆ ಒಂದು ಹಾಡಿನ ಜಾಗ ಮಾತ್ರ ಖಾಲಿ. ಅದನ್ನು ಆಯಾ ಊರಿನ ಅಭಿಮಾನಿಗಳೇ ಆರಿಸಿ ಕಳಿಸಬೇಕು. ಒಂದೇ ಹೆಸರು ಕಳಿಸಬೇಕು. ಒಮ್ಮತವಾಗಲಿಲ್ಲವೋ, ಅವರಿಗೆ ತೋಚಿದ್ದು ಬಾರಿಸಿ ಹೋಗುತ್ತಾರೆ. ನಮ್ಮ ಊರಿನ ಅಭಿಮಾನಿಗಳ ಪರವಾಗಿ ಹೆಸರು ಕಳಿಸುವ ಹೊಣೆ ಈ ನಾಲ್ವರದೇ.

ಕಿಡಿ ಅಂತ ಎಲ್ಲರೂ ಅಂದುಕೊಂಡಿದ್ದರು. ಆಗ ಗಡ್ಡ ತಿರುಗಿಬಿದ್ದ.

"ಹೂಳು" ಬೇಕು ಅಂದ. ಅದೂ ಅದೇ ಬ್ಯಾಂಡಿನದು, ನಿಧಾನದ ಹಾಡು. ಇಡೀ ಹಾಡು ಕೆಳಗೆ ಕೆಳಗೆ ಗುಡುಗುತ್ತಾ, ದೊಡ್ಡ ಲಾರಿ ಹೊರಗೆ ನಿಂತು ಉಸಿರಾಡಿದ ಹಾಗೆ. ಕಿಡಿ ಹುಡುಗರ ಹಾಡು, ಅದರಲ್ಲಿ ತೂಕ ಇಲ್ಲ ಅಂದ. ಡಬಲ್ಲಿಗೆ ನಂಬಲಾಗಲಿಲ್ಲ. ಮೂರು ಭಾನುವಾರ ಅವರ ಜಗಳ ಬಗೆಹರಿಯಲಿಲ್ಲ.

ಅಲ್ಲಿದ್ದವರಲ್ಲಿ ಕಾರಣ ಗೊತ್ತಿದ್ದದ್ದು ನನಗೊಬ್ಬಳಿಗೆ.

ಒಂದು ದಿನ ಸಂಜೆ, ಪಾಳಿ ಮುಗಿಸಿ ಗಡ್ಡ ಒಬ್ಬನೇ ಬಂದಿದ್ದ. ಜಾಕೆಟ್ಟು ಬಿಚ್ಚಿ ಮೇಜಿನ ಮೇಲೆ ಹಾಸಿ, "ಒಳಗೆ ಒಂದು ಜೇಬು ಬೇಕು ಅಜ್ಜಿ. ಸಣ್ಣದು. ಮುಚ್ಚಳ ಇರಬೇಕು. ಎಷ್ಟು ಕುಣಿದರೂ ಒಳಗಿದ್ದದ್ದು ಹೊರಗೆ ಬೀಳಬಾರದು," ಅಂದ.

"ಏನಿಡೋಕೆ? ಅಳತೆ ಬೇಕಲ್ಲ."

ಅವನು ಬಾಗಿಲ ಕಡೆ ನೋಡಿ, ಎರಡೂ ಕಿವಿಯಿಂದ ಏನನ್ನೋ ತೆಗೆದು ನನ್ನ ಅಂಗೈಗೆ ಹಾಕಿದ. ಹುರುಳಿಕಾಯಿಯ ಬೀಜದಷ್ಟು, ಬೂದು ಬಣ್ಣ, ಮೈಶಾಖ ಇನ್ನೂ ಇತ್ತು. ಕಿವಿಯ ಮಿಷನ್ನು. ಉದ್ದ ಕೂದಲು ಬಿಟ್ಟಿದ್ದರಿಂದ ಯಾರಿಗೂ ಕಂಡಿರಲಿಲ್ಲ.

"ಪ್ರೆಸ್ಸಿನ ಸದ್ದು ತಿಂದುಹಾಕಿದೆ," ಅಂದ. ಈಗ ಅವನ ದನಿ ಸ್ವಲ್ಪ ಜೋರಾಗಿತ್ತು. "ಕೆಳಗಿನ ಸದ್ದೆಲ್ಲ ಕೇಳ್ತದೆ. ಮೇಲಿನದು ಹೋಗಿದೆ. ಗಿಟಾರು ಮೇಲೆ ಹತ್ತಿದರೆ ನನಗೆ ಬರೀ ಮರಳು ಸುರಿದ ಹಾಗೆ. ಕಾರ್ಯಕ್ರಮದಲ್ಲಿ ಇವನ್ನ ತೆಗೆದು ಹತ್ತಿಯಂಥದ್ದು ಏನೋ ತುಂಬ್ಕೋಬೇಕಂತೆ, ಇಲ್ಲದಿದ್ದರೆ ಇರೋದೂ ಹೋಗ್ತದೆ ಅಂದಿದ್ದಾರೆ ಡಾಕ್ಟರು. ಮನೆಯಲ್ಲಿ ಅವಳಿಗೆ ಗೊತ್ತು. ಅವಳ ತಮ್ಮನಿಗೆ ಗೊತ್ತಾಗಬಾರದು."

"ಯಾಕೆ?"

"ಅವನಿಗೆ ಕೇಳೋದು ಕಲಿಸಿದವನು ನಾನು ಅಜ್ಜಿ."

ಎಡಗಡೆ ಎದೆಯ ಮೇಲೆ, ಅಸ್ತರಿನ ಒಳಗೆ, ಮೆತ್ತನೆ ಫ್ಲಾನೆಲ್ ಹಾಕಿ ಜೇಬು ಹೊಲಿದೆ. ಮುಚ್ಚಳಕ್ಕೆ ಎರಡು ಟಿಚ್ ಬಟನ್ನು. ತಲೆಕೆಳಗಾಗಿ ಕೊಡವಿ ತೋರಿಸಿದೆ. ಅವನು ತೃಪ್ತಿಯಿಂದ ಹಾಕಿಕೊಂಡು ಹೋದ.

ಹೆಸರು ಕಳಿಸಬೇಕಾದ ಕೊನೆಯ ಭಾನುವಾರ ಬಂತು. ನಾನು ಯಾರದೋ ಕೋಟಿನ ತೋಳು ಬಿಚ್ಚುತ್ತಾ ಕೂತಿದ್ದೆ. ಡಬಲ್ ಬರುವಾಗಲೇ ಮುಖ ಊದಿಸಿಕೊಂಡಿದ್ದ.

"ಭಾವಾ, ಇವತ್ತು ಸತ್ಯ ಹೇಳಿಬಿಡು. ನಿನಗೆ ವಯಸ್ಸಾಯ್ತು. ತಲೆ ಕೊಡವಿ ಕುಣಿದರೆ ಕುತ್ತಿಗೆ ಹಿಡ್ಕೊಳ್ತದೆ. ಅದಕ್ಕೇ ಜೋಗುಳ ಬೇಕು."

"ಹೂಳು ಜೋಗುಳನಾ? ಅದನ್ನ ಕೇಳಿ ಮಲಗೋ ಮಗು ಯಾವುದೋ?" ಅಂದಳು ನರ್ಸು. ಅವಳು ಈಗ ಗಡ್ಡನ ಜೊತೆ ಹೂಳಿನ ಪಕ್ಷ. "ನನಗಂತೂ ಅದೇ ಇರಲಿ. ಇಡೀ ದಿನ ವಾರ್ಡಲ್ಲಿ ಓಡಿ ಓಡಿ ಕಾಲು ಬಿದ್ದುಹೋಗಿರ್ತವೆ, ಅಲ್ಲಿಯೂ ಓಡೋ ಹಾಡೇ ಬೇಕಾ?"

ಮೇಷ್ಟ್ರು ಫೋನು ಹಿಡಿದಿದ್ದರು. "ಇದುವರೆಗಿನ ಊರುಗಳನ್ನ ನೋಡಿದರೆ ಹೆಚ್ಚಿನವರು ವೇಗದ ಹಾಡನ್ನೇ ಕೇಳಿದ್ದಾರೆ. ಅದಕ್ಕೆ ಕಾರಣವೂ ಇದೆ. ಖಾಲಿ ಜಾಗದ ಹಿಂದಿನದೂ ನಿಧಾನ, ಮುಂದಿನದೂ ನಿಧಾನ. ನಡುವೆ ಹೂಳು ಬಂದರೆ..."

"ಮೇಷ್ಟ್ರೇ, ಹಾಡು ಕೇಳೋಕೆ ಹೋಗ್ತೀರೋ ಪೇಪರ್ ತಿದ್ದೋಕೆ ಹೋಗ್ತೀರೋ?" ಅಂದಳು ನರ್ಸು.

"ನಾನು ಹೇಳ್ತಿರೋದು ಇಷ್ಟೇ," ಅಂತ ಡಬಲ್ ಮೇಜು ಬಡಿದ. ನನ್ನ ಗುಂಡುಸೂಜಿಯ ಡಬ್ಬಿ ಹಾರಿ ಬಿತ್ತು. "ಕಿಡಿ ಬಾರಿಸದ ಕಾರ್ಯಕ್ರಮಕ್ಕೆ ಹೋಗೋದೂ ಒಂದೇ, ಮನೇಲಿ ಕೂತು ಮಿಕ್ಸಿ ಹಾಕ್ಕೊಳ್ಳೋದೂ ಒಂದೇ ಅಂತ ಹೇಳಿದ್ದು ಯಾರು? ನೀನೇ ಭಾವಾ. ಪಕ್ಷ ಬದಲಾಯಿಸೋದಕ್ಕೆ ಎಷ್ಟು ತಗೊಂಡೆ?"

ಗಡ್ಡ ನಗಲು ನೋಡಿದ. "ಮನುಷ್ಯನ ರುಚಿ ಬದಲಾಗ್ತದಪ್ಪ."

ಅತ್ತ ಇಬ್ಬರು, ಇತ್ತ ಇಬ್ಬರು. ಯಾರೂ ಪಟ್ಟು ಬಿಡಲಿಲ್ಲ. ಕೊನೆಗೆ ಮೇಷ್ಟ್ರೇ, "ಅಜ್ಜಿ ಹೇಳಲಿ. ನಮ್ಮೆಲ್ಲರ ಹಾಡೂ ಅವರಿಗೆ ಬಾಯಿಪಾಠ ಆಗಿದೆ," ಅಂದರು. ಎಲ್ಲರೂ ನನ್ನ ಕಡೆ ತಿರುಗಿದರು.

ಗಡ್ಡನ ಕಣ್ಣು ನನ್ನ ಮೇಲೆ ನಿಂತಿತು. ಬಾಯಿ ಬಿಡಬೇಡಿ ಅಂತಲೂ ಇತ್ತು, ಹೂಳು ಅಂದುಬಿಡಿ ಅಂತಲೂ ಇತ್ತು. ನನಗೂ ಅದೇ ಸುಲಭ. ಹೂಳು ಅಂತ ಒಂದು ಮಾತು ಅಂದರೆ ಅವನ ಗುಟ್ಟೂ ಉಳಿಯುತ್ತಿತ್ತು, ಕೇಳಿಸುವ ಹಾಡೂ ಸಿಗುತ್ತಿತ್ತು. ಆದರೂ "ಎರಡನ್ನೂ ಇನ್ನೊಂದು ಸಲ ಹಾಕಿ," ಅಂದೆ.

ಮೊದಲು ಹೂಳು ಹಾಕಿದರು. ಮೇಜಿನ ಮೇಲಿದ್ದ ಕತ್ತರಿ ಸಣ್ಣಗೆ ನಡುಗಿತು. ಗಡ್ಡ ಕೈಕಟ್ಟಿ, ತಲೆಯಾಡಿಸುತ್ತಾ, ಸರಿಯಾಗಿ ಕೇಳಿಸಿಕೊಂಡ. ಆಮೇಲೆ ಕಿಡಿ. ಓಟ ಮುಗಿದು ಗಿಟಾರು ಹತ್ತಲು ಶುರುಮಾಡಿದಾಗ ಉಳಿದ ಮೂವರೂ ಕಣ್ಣುಮುಚ್ಚಿದರು. ಗಡ್ಡ ಮುಚ್ಚಲಿಲ್ಲ. ಒಬ್ಬೊಬ್ಬರ ಮುಖ ನೋಡುತ್ತಾ, ಅವರು ನಕ್ಕ ಮೇಲೆ ತಾನೂ ನಕ್ಕ. ಆದರೆ ಅವನ ಎಡಗೈ ಅವನ ಮಾತು ಕೇಳುತ್ತಿರಲಿಲ್ಲ. ಮೇಜಿನ ಅಂಚಿನ ಕೆಳಗೆ ಬೆರಳುಗಳು ಓಡುತ್ತಿದ್ದವು, ಹತ್ತುವಾಗ ಹತ್ತಿ, ತಿರುಗುವಾಗ ತಿರುಗಿ. ಗಿಟಾರು ನಿಂತಿತು. ಅವನ ಬೆರಳೂ ಅಲ್ಲೇ ನಿಂತವು.

"ಗಡ್ಡ," ಅಂದೆ, "ನಾನು ಹೇಳೋದು ಆಮೇಲೆ. ಮೊದಲು ನೀನು ಹೇಳು. ಯಾವುದು ಚೆನ್ನಾಗಿದೆ ಅಂತ ಕೇಳ್ತಿಲ್ಲ. ನಿನಗೆ ಯಾವುದು ಬೇಕು?"

ಡಬಲ್ಲಿನ ಕಾಲು ಕೂಡ ಬಡಿಯುವುದನ್ನು ಮರೆತಿತ್ತು. ಗಡ್ಡ ಕೂದಲು ಹಿಂದಕ್ಕೆ ಸರಿಸಿ, ಎರಡೂ ಮಿಷನ್ನು ತೆಗೆದು ಮೇಜಿನ ಮೇಲೆ, ಗುಂಡುಸೂಜಿಗಳ ಪಕ್ಕ ಇಟ್ಟ.

"ಕಿಡಿ ನನಗೆ ಕೇಳಿಸ್ತಿಲ್ಲ ಕಣೋ," ಅಂದ. "ಎಲ್ಲರೂ ಕೂಗ್ತಿರುವಾಗ ನಾನು ನಿಮ್ಮ ಮುಖ ನೋಡ್ಕೊಂಡು ನಿಲ್ಲಬೇಕು. ಅದಕ್ಕೇ."

ನರ್ಸು ಒಂದನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿ ಮೆಲ್ಲಗೆ ಇಟ್ಟಳು. ಡಬಲ್ಲಿನ ಮುಖ ಕೆಂಪಗಾಗಿತ್ತು. ಅಳುತ್ತಾನೇನೋ ಅಂದುಕೊಂಡೆ. ಅವನು ಎದ್ದು ನಿಂತು, ಭಾವನಿಗೆ ಕೇಳಲಿ ಅಂತ ಇಡೀ ಬೀದಿಗೆ ಕೇಳುವ ಹಾಗೆ ಕೂಗಿದ:

"ಹಾಗಾದರೆ ಹೋದ ತಿಂಗಳು ಫೋನ್ ಮಾಡಿ ಮೀಸೆ ತೆಗೀಲಾ ಅಂತ ಕೇಳಿದಾಗ ಹೂಂ ಅಂದೆಯಲ್ಲ, ಅದು?"

"ಏನು ಕೇಳಿದೆ ಅಂತ ಗೊತ್ತಾಗಲಿಲ್ಲ. ಹೂಂ ಅಂದೆ."

"ನೀನು ಹೂಂ ಅಂದೆ ಅಂತ ತೆಗೆದೆನಲ್ಲೋ ಮಾರಾಯ! ನೋಡು ಹೆಂಗಿದೀನಿ, ಸಿಪ್ಪೆ ಸುಲಿದ ಆಲೂಗೆಡ್ಡೆ ಇದ್ದ ಹಾಗೆ!"

ಮೊದಲು ನಕ್ಕವರು ಮೇಷ್ಟ್ರು. ಆಮೇಲೆ ಎಲ್ಲರೂ. ಗಡ್ಡ ಕಣ್ಣೊರೆಸಿಕೊಂಡು ಮಿಷನ್ನು ಮತ್ತೆ ಹಾಕಿಕೊಂಡ.

ನಗು ಇಳಿದ ಮೇಲೆ ಡಬಲ್ ಕೂತು, "ಸರಿ. ಹೂಳೇ ಕಳಿಸೋಣ. ನನ್ನ ಓಟು ಅದಕ್ಕೇ," ಅಂದ. ದನಿ ತಗ್ಗಿಸಿ, ಬಹಳ ಮೆತ್ತಗೆ ಅಂದ.

ಗಡ್ಡನಿಗೆ ಆ ಮೆತ್ತನೆಯೇ ಚುಚ್ಚಿತು. "ಬೇಡ."

"ಭಾವಾ, ನಿನಗೋಸ್ಕರ..."

"ನನಗೋಸ್ಕರ ಬೇಡ ಅಂದೆ. ಅಜ್ಜಿ ಕೇಳಿದ್ದು ಯಾವುದು ಬೇಕು ಅಂತ. ನನಗೆ ಬೇಕಾದ್ದು ಕಿಡಿ. ಯಾವತ್ತೂ ಕಿಡಿಯೇ. ನಿಮಗೆ ಗೊತ್ತಿಲ್ಲದ ಹಾಗೆ ನಿಮ್ಮ ನಡುವೆ ಕಿವುಡನಾಗಿ ನಿಲ್ಲೋದು ಬೇಡವಾಗಿತ್ತು. ಈಗ ನಿಮಗೆಲ್ಲ ಗೊತ್ತಾಯ್ತಲ್ಲ. ಕೇಳದಿದ್ದರೆ ಹೋಗಲಿ, ಗಿಟಾರಿನವನು ಬಾರಿಸೋದನ್ನ ಕಣ್ಣಲ್ಲಿ ನೋಡ್ತೀನಿ. ನನ್ನ ಓಟು ಕಿಡಿಗೆ."

ಮೇಷ್ಟ್ರು ಬೆರಳು ಮಡಿಚಿದರು. "ಹೂಳಿಗೆ ನರ್ಸಮ್ಮ, ಡಬಲ್. ಕಿಡಿಗೆ ಗಡ್ಡ, ನಾನು. ಮತ್ತೆ ಸಮ."

"ಇದೊಳ್ಳೆ ಕಥೆ," ಅಂದಳು ನರ್ಸು. "ಅಜ್ಜಿ, ನೀವೇ ಮುಗಿಸಿ."

ಡಬಲ್ ನನ್ನನ್ನೇ ನೋಡುತ್ತಿದ್ದ. ಬೇಡ ಅನ್ನಿ ಅಜ್ಜಿ, ಅಲ್ಲಿ ನಿಂತು ಸಂಕಟಪಡ್ತಾನೆ, ಅಂತ ಅವನ ಕಣ್ಣು ಹೇಳುತ್ತಿತ್ತು. ನನಗೂ ಹೆದರಿಕೆಯಾಗದೆ ಇರಲಿಲ್ಲ. ಇಲ್ಲಿ ಕೂತು ನೋಡ್ತೀನಿ ಅನ್ನುವುದು ಬೇರೆ, ಅಲ್ಲಿ ಆ ಗದ್ದಲದಲ್ಲಿ ನಿಂತಾಗ ಮರಳು ಸುರಿದರೆ ತಡೆದುಕೊಳ್ಳುವುದು ಬೇರೆ. ಆದರೆ ಅವನು ಬಾಯಿಬಿಟ್ಟು ಕೇಳಿದ್ದನ್ನು ಅವನ ಒಳ್ಳೆಯದಕ್ಕೆ ಅಂತ ನಾವೆಲ್ಲ ಸೇರಿ ತಪ್ಪಿಸಿದರೆ, ನಾಳೆಯಿಂದ ಅವನ ಹತ್ತಿರ ಯಾರೂ ಜಗಳವಾಡುವುದಿಲ್ಲ. ಎಲ್ಲದಕ್ಕೂ ಮೆತ್ತಗೆ ಮಾತಾಡುತ್ತಾರೆ.

"ಕಿಡಿ," ಅಂದೆ. ಮೇಷ್ಟ್ರು ಅಲ್ಲೇ ಕಳಿಸಿಬಿಟ್ಟರು.

ಕಾರ್ಯಕ್ರಮಕ್ಕೆ ಬನ್ನಿ ಅಂತ ಕರೆದರು. ನನ್ನ ಮೊಣಕಾಲು ಒಪ್ಪಲಿಲ್ಲ. ಅವತ್ತು ಕೆಲಸಕ್ಕೆ ಕೂತರೂ ಮನಸ್ಸು ನಿಲ್ಲಲಿಲ್ಲ. ಒಂದು ಪ್ಯಾಂಟಿನ ಕಾಲು ಮಡಿಚುವ ಬದಲು ಎರಡೂ ಕಾಲು ಸೇರಿಸಿ ಹೊಲಿದು, ಬಿಚ್ಚಿದೆ.

ಕಾರ್ಯಕ್ರಮದ ಮಾರನೆಯ ಸಂಜೆ ಭಾವ, ಭಾಮೈದ ಇಬ್ಬರೂ ಬಂದರು. ಡಬಲ್ಲಿನ ಗಂಟಲು ಕೂತುಹೋಗಿತ್ತು. ಗಡ್ಡ ಜಾಕೆಟ್ಟು ಬಿಚ್ಚಿ ಮೇಜಿನ ಮೇಲೆ ಹಾಕಿದ. ಒಳಜೇಬು ಹಾಗೇ ಇತ್ತು, ಬಟನ್ನು ಗಟ್ಟಿಯಾಗಿತ್ತು. ಆದರೆ ಎಡ ಭುಜದ ಹೊಲಿಗೆ ಕುತ್ತಿಗೆಯಿಂದ ತೋಳಿನವರೆಗೆ ಬಾಯಿಬಿಟ್ಟಿತ್ತು.

"ಯಾರ ಹತ್ತಿರ ಹೊಡೆದಾಡಿದೆ?" ಅಂದೆ.

"ಇವನೇ," ಅಂತ ಗಡ್ಡ ಭಾಮೈದನ ಕಡೆ ಕೈತೋರಿಸಿದ. "ಸೋಲೋ ಶುರುವಾದ ಕೂಡಲೇ ಹಿಂದಿನಿಂದ ಬಂದು ಭುಜ ಹಿಡಿದ. ಹಿಡಿದು, ಪೂರ್ತಿ ಸೋಲೋ ನನ್ನ ಭುಜದ ಮೇಲೆ ಬೆರಳಲ್ಲಿ ಬಾರಿಸಿದ. ಮೇಲೆ ಹತ್ತುವಾಗ ಬಟ್ಟೆ ಸಮೇತ ಎಳೀತಾನೆ, ಬಸ್ಸಿನ ನಟ್ಟು ಬಿಚ್ಚೋ ಕೈ ನೋಡಿ."

"ನೀನು ಏನು ಮಾಡಿದೆ?"

"ಕಣ್ಣುಮುಚ್ಚಿದೆ," ಅಂದ ಗಡ್ಡ.

ನಾನು ಸೂಜಿಗೆ ದಾರ ಪೋಣಿಸುವ ನೆವದಲ್ಲಿ ತಲೆ ತಗ್ಗಿಸಿದೆ. ಅವನೇ ಮುಂದುವರಿಸಿದ.

"ಕೊನೆಯಲ್ಲಿ ತಿರುಗುವ ಜಾಗ ಇದೆಯಲ್ಲ, ಅಲ್ಲಿ ಇವನು ತಪ್ಪಿದ."

"ನಾನಲ್ಲ!" ಡಬಲ್ ಕುರ್ಚಿಯಿಂದ ಎದ್ದ. "ಗಿಟಾರಿನವನು ತಪ್ಪಿದ್ದು. ಅವನು ಹೇಗೆ ಬಾರಿಸಿದನೋ ಹಾಗೇ ನಾನು ಬಾರಿಸಿದೆ."

"ಅವನು ತಪ್ಪೋದೇ ಇಲ್ಲ. ಬೆರಳು ನೀನೇ ಜಾರಿಸಿದ್ದು."

"ನಿನಗೆ ಕೇಳಿಸ್ತಾ? ಕೇಳಿಸಿದ್ದು ನನಗೆ!"

"ಕೇಳದಿದ್ದರೇನು, ಇಪ್ಪತ್ತು ವರ್ಷದಿಂದ ತಲೆಯೊಳಗಿದೆ. ನಿನಗೆ ಕಲಿಸಿದ್ದು ಯಾರು?"

"ಮೀಸೆ ತೆಗೆಸಿದ್ದೂ ನೀನೇ!"

ಅವರು ನರ್ಸಿಗೆ ಫೋನ್ ಮಾಡಿದರು, ಅವಳು ಗಿಟಾರಿನವನದೇ ತಪ್ಪು ಅಂದಳು. ಮೇಷ್ಟ್ರಿಗೆ ಮಾಡಿದರು, ಅವರು ಯೋಚಿಸಿ ಹೇಳ್ತೀನಿ ಅಂದರು. ನಾನು ಭುಜದ ಹಳೆಯ ಎಳೆಗಳನ್ನೆಲ್ಲ ಬಿಚ್ಚಿ ತೆಗೆದು, ಒಳಗಿನಿಂದ ಒಂದು ಪಟ್ಟಿ ಕೊಟ್ಟು, ಎರಡೆಳೆ ದಾರದಲ್ಲಿ ಮತ್ತೆ ಹೊಲಿಯತೊಡಗಿದೆ. ಮುಂದಿನ ಸಲ ಇವನು ಇನ್ನೂ ಜೋರಾಗಿ ಎಳೆಯುತ್ತಾನೆ.