ಜೋಡಿಯ ಹೆಸರು

ಹೆಪ್ಸಿಬಾ ಆ ಕಾಗದವನ್ನು ಎರಡನೆಯ ಸಲ ಓದಿ, ನಾಲ್ಕಾಗಿ ಮಡಚಿ, ಭಾವನಿಗೆ ಹಿಂದಿರುಗಿಸದೆ ಸೆರಗಿನ ತುದಿಯಲ್ಲಿ ಗಂಟು ಹಾಕಿಕೊಂಡಳು.

"ಕೊಡಮ್ಮಾ, ಪಾದ್ರಿ ಅಯ್ಯನಿಗೆ ತಲುಪಿಸಬೇಕು," ಎಂದರು ಜ್ಞಾನದೊರೈ. ಪಾಳೆಯಂಕೋಟೆಯಲ್ಲಿ ಬಹುಕಾಲ ಹೆಡ್ಮಾಸ್ತರರಾಗಿದ್ದವರು. ತಮ್ಮನ ಶವ ಹಜಾರದಲ್ಲಿದ್ದಾಗಲೂ ಅವರ ಜೇಬಿನಲ್ಲಿ ಕೆಂಪು ಪೆನ್ನು ಇತ್ತು.

"ಎಂಬತ್ನಾಲ್ಕರಲ್ಲಿ ಬಿ.ಎ. ಮುಗಿಸಿದ್ರು, ತೊಂಬತ್ತೆಂಟರಲ್ಲಿ ಡ್ರಿಲ್ ಮಾಸ್ತರಾದ್ರು ಅಂತ ಬರ್ದಿದೀರಿ. ನಡುವೆ ಹದಿನಾಲ್ಕು ವರ್ಷ ಎಲ್ಲಿದ್ರು ಭಾವ? ಜೈಲಲ್ಲಾ?"

"ದೇವಾಲಯದಲ್ಲಿ ಓದೋ ಜೀವನ ಚರಿತ್ರೆ ಕಣಮ್ಮ ಇದು. ಊರೂರು ಸುತ್ತಿ ಸೋತು ಬಂದ ಅಂತ ಬರೀಲಾ? ಒಂದು ಕಪ್ಪು ಗೆದ್ದಿದ್ರೆ ದಪ್ಪಕ್ಷರದಲ್ಲಿ ಬರೀತಿದ್ದೆ. ಅದೂ ಒಬ್ಬನೇ ನಿಂತು ಆಡಿದ್ದಲ್ಲ, ಇನ್ನೊಬ್ಬನ ಪಕ್ಕ ನಿಂತು ಆಡೋ ಆಟ!"

"ನೀವೂ ಒಂದು ದಿನ ಹಾಗೆ ನಿಂತಿದ್ರೆ ಗೊತ್ತಾಗ್ತಿತ್ತು, ಎಷ್ಟು ಕಷ್ಟ ಅಂತ."

ಅವಳ ಗಂಡ ಎಬನೇಸರ್ ಟೆನಿಸ್ಸಿನಲ್ಲಿ ಜೋಡಿ ಆಟವನ್ನೇ ವೃತ್ತಿ ಮಾಡಿಕೊಂಡವನು. ಲೋಕದ ಆಟಗಾರರ ಪಟ್ಟಿಯಲ್ಲಿ ಅವನು ಏರಿದ ಎತ್ತರ ಮುನ್ನೂರ ಎಂಬತ್ತೆಂಟು. ಅಲ್ಲಿ ಇದ್ದದ್ದೂ ಒಂದೇ ವಾರ. ಆ ವಾರ ಹೆಪ್ಸಿಬಾ ಬೀದಿಗೆಲ್ಲ ಹಲ್ವ ಹಂಚಿದ್ದಳು.

ಅಷ್ಟರಲ್ಲಿ ಜ್ಞಾನದೊರೈಯವರ ಹೆಂಡತಿ ಸುಗಂತಿ ಬಾಗಿಲ ಮೇಜಿನ ಮೇಲಿದ್ದ ನೋಟುಪುಸ್ತಕ ಹಿಡಿದು ಒಳಗೆ ಬಂದಳು. ಮುಂದೆ ಪ್ರಾರ್ಥನೆಗೆ ಕರೆಯಬೇಕಲ್ಲ, ಅದಕ್ಕಾಗಿ ಬಂದವರೆಲ್ಲ ಅದರಲ್ಲಿ ಹೆಸರು ಬರೆಯುತ್ತಿದ್ದರು.

"ಇದೇನ್ರೀ ಅನಿಷ್ಟ! ಸಾವಿಗೆ ಬಂದವರ ಪಟ್ಟಿಯಲ್ಲಿ ಸತ್ತವರ ಹೆಸರನ್ನೇ ಬರೆದಿದಾರೆ!"

ಎಬನೇಸರ್ – ಮೀರಾನ್. ನಡುವೆ ಒಂದು ಗೆರೆ.

ಅವಳ ಹಿಂದೆಯೇ ಮೀರಾನ್ ಕುಂಟುತ್ತ ಬಂದ. ಕಾಯಲ್‌ಪಟ್ಟಣದವನು, ಹನ್ನೊಂದು ವರ್ಷ ಎಬನೇಸರನ ಬಲಕ್ಕೆ ನಿಂತು ಆಡಿದವನು. ನರೆತ ಗಡ್ಡವೆಲ್ಲ ಒದ್ದೆಯಾಗಿತ್ತು.

"ತಪ್ಪಾಯ್ತು ಅತ್ತಿಗೆ. ಪುಸ್ತಕ ಕಂಡ್ತು, ಪೆನ್ನು ಕಂಡ್ತು, ಕೈ ತಾನಾಗಿ ಬರೆದುಬಿಡ್ತು."

"ಆಯ್ತು ಬಿಡಪ್ಪ, ಹೊಡೆದು ಹಾಕಿದ್ರಾಯ್ತು," ಎಂದು ಜ್ಞಾನದೊರೈ ಕೆಂಪು ಪೆನ್ನು ತೆಗೆದರು. ಹೆಪ್ಸಿಬಾ ಮುಂದೆ ಬಂದು ಅವರ ಬೆರಳ ನಡುವಿನಿಂದ ಅದನ್ನು ಕಿತ್ತುಕೊಂಡಳು.

* * *

ತಿರುಚ್ಚಿಯ ಕ್ಲಬ್ಬಿನ ವರಾಂಡ. ಆಗ ಹೆಪ್ಸಿಬಾಳ ಮದುವೆಯಾಗಿ ಮೂರು ತಿಂಗಳಾಗಿತ್ತು. ಸಂಜೆ ಆರರೊಳಗೆ ಜೋಡಿಗಳು ಹಾಳೆಯಲ್ಲಿ ಹೆಸರು ಬರೆಯಬೇಕು. ಒಬ್ಬ ಬಂದು ಇಬ್ಬರ ಹೆಸರನ್ನೂ ಬರೆದರೆ ಸಾಕು. ಆರು ದಾಟಿತೋ, ಆ ವಾರ ಆಟವಿಲ್ಲ. ಮೀರಾನನ ತಂದೆ ಹಿಂದಿನ ದಿನ ತೀರಿಕೊಂಡಿದ್ದರು.

ಎಬನೇಸರ್ ಇಬ್ಬರ ಹೆಸರನ್ನೂ ಬರೆದ.

"ಅವನೆಲ್ಲಿ ಬರ್ತಾನಯ್ಯ? ಹೊಡೆದು ಹಾಕು, ಬೇರೆ ಜೋಡಿ ಕೊಡಿಸ್ತೀನಿ," ಎಂದ ಮೇಜಿನವನು.

"ಇವತ್ತು ಅವನು ಅಪ್ಪನ ಹತ್ರ ಇರ್ಬೇಕು ಸಾರ್, ಇದಾನೆ. ಈ ಹಾಳೇಲೂ ಇರ್ಬೇಕು. ಇರ್ತಾನೆ."

ಬೆಳಿಗ್ಗೆ ಮೀರಾನ್ ಬಸ್ಸಿಳಿದು ನೇರವಾಗಿ ಆಟದ ಅಂಗಳಕ್ಕೆ ಬಂದ. ಉಗುರಿನಲ್ಲಿ ಗೋರಿಯ ಮಣ್ಣು ಹಾಗೇ ಇತ್ತು. ಐವತ್ತು ನಿಮಿಷದಲ್ಲಿ ಇಬ್ಬರೂ ಸೋತರು. ಮೀರಾನ್ ಚೆಂಡು ಬಿಟ್ಟಾಗಲೆಲ್ಲ ಎಬನೇಸರ್ ನಡೆದು ಬಂದು, ಆ ಮಣ್ಣಿನ ಕೈಗೆ ತನ್ನ ಅಂಗೈ ತಟ್ಟಿ ಹೋಗುತ್ತಿದ್ದ. ಆ ಬೆಳಿಗ್ಗೆ ಎಷ್ಟು ಸಲ ತಟ್ಟಿದನೋ, ಕರ್ತನಿಗೇ ಗೊತ್ತು.

* * *

ಹೆಡ್ಮಾಸ್ತರರ ಬಳಿ ನಕಲು ಇಲ್ಲದಿರುತ್ತದೆಯೇ? ದೇವಾಲಯದಲ್ಲಿ ಪಾದ್ರಿ ಅಯ್ಯ ಅದನ್ನೇ ಓದತೊಡಗಿದರು. ಜನನ, ದೀಕ್ಷಾಸ್ನಾನ, ಬಿ.ಎ. "ತೊಂಬತ್ತೆಂಟರಲ್ಲಿ..." ಎನ್ನುವಾಗ ಹೆಂಗಸರ ಸಾಲಿನಲ್ಲಿ ಹೆಪ್ಸಿಬಾ ಎದ್ದು ನಿಂತಳು.

"ನಿಲ್ಲಿಸಿ ಅಯ್ಯಾ. ಹದಿನಾಲ್ಕು ವರ್ಷ ಬಿಟ್ಟುಹೋಗಿದೆ."

ಸುಗಂತಿ ಸೀರೆ ಹಿಡಿದು ಜಗ್ಗಿದಳು. ಹೆಪ್ಸಿಬಾ ಕೂರಲಿಲ್ಲ.

"ನನ್ನ ಗಂಡ ಹದಿನಾಲ್ಕು ವರ್ಷ ಟೆನಿಸ್ ಆಡಿದ್ರು. ಗೆದ್ದದ್ದು ಕಮ್ಮಿ, ಸೋತದ್ದೇ ಜಾಸ್ತಿ. ಸೋತಾಗ ಒಂದು ದಿನಾನೂ ಜೊತೆಯವನ ಕಡೆ ಬೆರಳು ತೋರಿಸ್ಲಿಲ್ಲ. ಇದನ್ನ ದೇವರ ಮುಂದೆ ಓದಬಾರದು ಅಂದ್ರೆ ಇನ್ನೇನು ಓದ್ಬೇಕು, ನೀವೇ ಹೇಳಿ."

ಪಾದ್ರಿ ಅಯ್ಯ ಜ್ಞಾನದೊರೈಯವರನ್ನು ನೋಡಿದರು, ಶವಪೆಟ್ಟಿಗೆಯನ್ನು ನೋಡಿದರು. ಕನ್ನಡಕ ಸರಿಮಾಡಿಕೊಂಡು ಕಾಗದದ ಅಂಚಿನಲ್ಲಿ ಬರೆಯಲು ಬಗ್ಗಿದರು.

"ಅದೇನೋ ಲೋಕದ ಪಟ್ಟಿ ಅಂತಾರಲ್ಲಮ್ಮ, ಅದರಲ್ಲಿ ಎಷ್ಟನೆಯವರು?"

"ಮುನ್ನೂರ ಎಂಬತ್ತೆಂಟು!" ಗಂಡಸರ ಸಾಲಿನಿಂದ ಕೂಗಿದ್ದು ಮೀರಾನ್. ಹಿಂದಿನ ಬೆಂಚಿನಲ್ಲಿದ್ದ ಡ್ರಿಲ್ ಮಾಸ್ತರರ ಹಳೆಯ ವಿದ್ಯಾರ್ಥಿಗಳು ಅಳುತ್ತಲೇ ನಕ್ಕುಬಿಟ್ಟರು.

ಪಾದ್ರಿ ಅಯ್ಯ ಮೊದಲಿನಿಂದ ಓದಿದರು. ಒಂದು ವರ್ಷವನ್ನೂ ಬಿಡಲಿಲ್ಲ.

ಸ್ಮಶಾನದಲ್ಲಿ ಪೆಟ್ಟಿಗೆ ಇಳಿಸಿದ ಮೇಲೆ ಜ್ಞಾನದೊರೈ ಅವಳ ಹತ್ತಿರ ಸರಿದರು. ಸುಗಂತಿಯ ಕಂಕುಳಲ್ಲಿ ನೋಟುಪುಸ್ತಕವಿತ್ತು.

"ದೇವಾಲಯದಲ್ಲಿ ನಿನ್ನಿಷ್ಟ ನಡೀತು. ಈ ಪುಸ್ತಕ ಮನೇಲಿರೋದು, ನಾಳೆ ನಾಲ್ಕು ಜನ ನೋಡೋದು. ಆ ಹೆಸರು ಹೊಡೆದು ಹಾಕ್ಬೇಕು, ಪೆನ್ನು ಕೊಡಮ್ಮ."

"ಕೈಗೆ ಬಿಡುವಿಲ್ಲ ಭಾವ."

ಎಡಮುಷ್ಟಿಯಲ್ಲಿ ಕೆಂಪು ಪೆನ್ನು ಬಿಗಿಹಿಡಿದೇ ಅವಳು ಬಗ್ಗಿ, ಬಲಗೈ ತುಂಬ ಕೆಮ್ಮಣ್ಣು ತೆಗೆದುಕೊಂಡಳು. ಗುಂಡಿಯ ಆಚೆ ಬದಿಯಲ್ಲಿ ಮೀರಾನ್ ನಿಂತಿದ್ದ, ತನ್ನ ಎಡಕ್ಕೆ ಒಬ್ಬರು ನಿಲ್ಲುವಷ್ಟು ಜಾಗ ಬಿಟ್ಟು.