ಸೊಟ್ಟ ನಿಂತ ದೋಣಿ

ಮುಂಬಯಿಯ ದೋಣಿ ಕಾರ್ಖಾನೆಯಲ್ಲಿ ಇಪ್ಪತ್ತು ವರ್ಷ ದುಡಿದ ಗೂಳಪ್ಪ ತನ್ನ ಹಳ್ಳಿ ತಂಬೂರಿಗೆ ಮರಳುವಾಗ, ಮಾಲೀಕರು ಕೊಟ್ಟ ಹಳೇ ಫೈಬರ್ ಹಾಯಿದೋಣಿಯನ್ನು ಲಾರಿಯಲ್ಲಿ ಹೇರಿಕೊಂಡು ಬಂದ. ಹೆಂಡತಿ ಮೈಲಾರವ್ವನನ್ನು ಅದರಲ್ಲಿ ಕೂಡಿಸಿ ಊರ ಕೆರೆ ಸುತ್ತಿಸುವ ಆಸೆ ಅವನಿಗೆ. ದೋಣಿಯ ತಳದಲ್ಲಿ ಮೀನಿನ ರೆಕ್ಕೆಯಂಥ ದಪ್ಪ ಹಲಗೆ ಇತ್ತು. ಗಾಳಿಗೆ ದೋಣಿ ಮಗುಚದಂತೆ ಹಿಡಿಯುವುದೇ ಅದು. ಅದರಿಂದಾಗಿ ಅಂಗಳದಲ್ಲಿ ದೋಣಿ ಒಂದು ಬಾಜು ವಾಲಿತ್ತು.

ಅವನು ಹುಬ್ಬಳ್ಳಿಗೆ ಹೋಗಿ ಬರುವಷ್ಟರಲ್ಲಿ ಹಲಗೆಯೇ ಇರಲಿಲ್ಲ.

"ಸೊಟ್ಟ ನಿಂತಿತ್ತು, ನೋಡಾಕ ಆಗವಲ್ದಾಗಿತ್ರಿ. ಬಡಿಗ್ಯಾನ ಕರಸಿ, ತಳ ಕೊಯ್ಸಿ ನೆಟ್ಟಗ ಮಾಡ್ಸೀನಿ," ಅಂದಳು ಮೈಲಾರವ್ವ, ಮುಖ ಅರಳಿಸಿಕೊಂಡು.

"ಬುದ್ಧಿ ಐತೇನ ನಿನಗ? ಇನ್ನ ನೀರಿಗಿಳಿದ್ರ ಮಗಚ್ತೈತಿ ಇದು!" ಗೂಳಪ್ಪ ಚೀರಿದ. ಮೂರು ದಿನ ಅವಳೊಂದಿಗೆ ಮಾತು ಬಿಟ್ಟ. ನಾಲ್ಕನೇ ದಿನ ಗದ್ದೆಯಲ್ಲಿ ಹಾವು ಕಡಿದು ಅವಳೇ ಹೋಗಿಬಿಟ್ಟಳು.

ತಿಂಗಳಾದ ಮೇಲೆ ಗೂಳಪ್ಪ ರಿಪೇರಿಗೆ ಕೂತ. ಕೊಯ್ದ ಜಾಗ ಉಜ್ಜಿ, ಹಲಗೆ ಕೂಡಿಸಿ, ಗಾಜಿನೆಳೆಯ ಬಟ್ಟೆಗೆ ಅಂಟು ಬಳಿದು ಪದರದ ಮೇಲೆ ಪದರ ಸುತ್ತಿದ. ಒಣಗಿದ ಮೇಲೆ ಆಸರೆಯ ಕಲ್ಲು ತೆಗೆದ. ದೋಣಿ ಅಗದಿ ಮೊದಲಿನಂತೆಯೇ ಒಂದು ಬಾಜು ವಾಲಿ ನಿಂತಿತು.

ಕೈ ಒರೆಸಿಕೊಳ್ಳುತ್ತ ಗೂಳಪ್ಪ ಅಡಿಗೆಮನೆಯ ಬಾಗಿಲ ಕಡೆ ನೋಡಿದ. "ಸೊಟ್ಟ ಆತ್ ನೋಡ್ರಿ" ಅನ್ನಲು ಯಾರೂ ಹೊರಗೆ ಬರಲಿಲ್ಲ.